ಗೋಡೆ ಹಾರಿದವನ ಏಟು

ಮಾರ್ಚ್ 4, ಸಂಜೆ
ನಾನು ಲ್ಯಾಬಿನಿಂದ ಬರುವಷ್ಟರಲ್ಲಿ ನನ್ನ ತಮ್ಮ ಮೇಜಿನ ಮೇಲೆ ಯುದ್ಧ ಹೂಡಿದ್ದ. ಹೆಬ್ಬೆರಳುದ್ದದ ಆಟದ ಸೈನಿಕರು, ರಟ್ಟಿನ ಗೋಡೆಗಳು. ಅವನ ಎಡಗಣ್ಣು ಪೂರ್ತಿ ಹೋಗಿದೆ; ಬಲಗಣ್ಣಿಗೆ ಬರೀ ನೆರಳು. ಬೆರಳಿಂದ ಸವರಿ ಗುರುತು ಹಿಡಿಯುತ್ತಾನೆ. ರೂಲ್ ಬುಕ್ ಓದುವುದು ನನ್ನ ಪಾಲಿನ ಕೆಲಸ.

ಅವನ ಗೆಳೆಯ ವಕೀಲ ಬಂದ. ನಿಜವಾಗಿ ಟೈರ್ ಅಂಗಡಿಯವನು. ವಾದಕ್ಕೆ ನಿಂತರೆ ಬಿಡುವವನಲ್ಲವೆಂದು ತಮ್ಮನೇ ಇಟ್ಟ ಹೆಸರು. ಮತ್ತೆ ಅದೇ ಹಳೇ ತಗಾದೆ. ಕೈಕೈ ಕಾಳಗದಲ್ಲಿ ನುಗ್ಗಿ ಬಂದವನೇ ಮೊದಲು ಹೊಡೆಯಬೇಕು ಎನ್ನುತ್ತದೆ ಒಂದು ಪುಟ. ಗೋಡೆಯ ಮರೆಯಲ್ಲಿ ನಿಂತವನೇ ಮೊದಲು ಎನ್ನುತ್ತದೆ ಇನ್ನೊಂದು. ಗೋಡೆ ಹಾರಿ ನುಗ್ಗಿದರೆ?

"ನುಗ್ಗಿದವನದೇ ಮೊದಲ ಏಟು ಕಣೋ," ತಮ್ಮ.

"ನಿನ್ ತಲೆ. ಹಂಗಾದ್ರೆ ಗೋಡೆ ಯಾಕಿದೆ, ಬಟ್ಟೆ ಒಣಗಿಸೋಕಾ?"

ಕಾಫಿ ಆರಿತು. ಇಬ್ಬರೂ ಬಿಡಲಿಲ್ಲ.

ಮಾರ್ಚ್ 11
ಡಾಕ್ಟರ್ ಹತ್ತಿರ ಹೋಗಿದ್ದೆವು. ಬಲಗಣ್ಣಿಗೂ ಇನ್ನು ಮಾಡುವಂಥದ್ದೇನಿಲ್ಲವಂತೆ. ಮೆಟ್ಟಿಲ ಬಳಿ ಕೈ ಕೊಟ್ಟೆ. "ಬೇಡ ಅಕ್ಕಾ" ಅಂದ. ಆಮೇಲೆ ತಾನೇ ಹಿಡಿದುಕೊಂಡ.

ವಕೀಲನಿಗೆ ಫೋನ್ ಮಾಡಿ ಹೇಳಿದೆ.

ಮಾರ್ಚ್ 15
ತಮ್ಮನ ಸೈನಿಕರ ಗುಂಪು ಗೋಡೆ ಹಾರಿತು. ಈಗ ಜಗಳ ಶುರುವಾಗುತ್ತದೆ ಎಂದುಕೊಂಡೆ.

"ಸರಿ ಬಿಡೋ," ಅಂದ ವಕೀಲ. "ನೀನ್ ಹೇಳೋದೇ ಸರಿ. ನೀನೇ ಮೊದಲು ಹೊಡಿ."

ತಮ್ಮನ ಕೈಯಲ್ಲಿ ದಾಳ ಹಾಗೇ ಉಳಿಯಿತು.

"ಅಕ್ಕ ಹೇಳಿದ್ಲಾ?"

ನಾನು ರೂಲ್ ಬುಕ್ ಮುಚ್ಚಿದೆ.

"ಕಣ್ಣು ಹೋಗಿದ್ದು ನಂದು. ನಿನ್ ಬಾಯಿಗೇನಾಯ್ತು?"

ಸೈನಿಕರನ್ನೆಲ್ಲ ಬಾಚಿ ಡಬ್ಬಕ್ಕೆ ಸುರಿದ. ಯಾವುದೋ ಒಂದರ ಕತ್ತಿ ಮುರಿದ ಸದ್ದು. ವಕೀಲ ಚಪ್ಪಲಿ ಹುಡುಕುವವನಂತೆ ಬಾಗಿಲಲ್ಲಿ ಬಗ್ಗಿಕೊಂಡೇ ಇದ್ದ, ಬಹಳ ಹೊತ್ತು.

ಏಪ್ರಿಲ್ 20
ವಕೀಲನ ಫೋನ್ ಬಂದರೆ "ಮಲಗಿದಾನೆ ಅನ್ನು" ಎನ್ನುತ್ತಾನೆ ತಮ್ಮ. ಡಬ್ಬ ಮಂಚದ ಕೆಳಗೆ.

ಬಲಗಣ್ಣಿಗೆ ಈಗ ನೆರಳೂ ಇಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತಾ ಹೇಳಿದ — ಕರೆಂಟ್ ಹೋಯಿತು ಅನ್ನುವ ಹಾಗೆ.

ಏಪ್ರಿಲ್ 27
ಹೇಳದೆ ಕೇಳದೆ ಬಂದ ವಕೀಲ. ಹೊಸ್ತಿಲಲ್ಲೇ ಶುರು.

"ಅವತ್ತು ನಾನು ಹೇಳಿದ್ದು ಶುದ್ಧ ಸುಳ್ಳು. ಗೋಡೇದೇ ಗೆಲುವು! ಗೋಡೆ ಹತ್ತೋನ ಎರಡೂ ಕೈ ಗೋಡೆ ಮೇಲಿರುತ್ತೆ. ಕತ್ತಿ ಎಲ್ಲಿ ಹಿಡೀತಾನೆ, ಬಾಯಲ್ಲಾ?"

ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಆಮೇಲೆ ತಮ್ಮನ ದನಿ —

"ಹೌದು ಕಣೋ, ಬಾಯಲ್ಲೇ!"

ಡಬ್ಬ ಎಳೆದ ಸದ್ದು.

ಆಡಿದರು. ಕೂಗಾಡಿದರು. ವಕೀಲ ಒಂದಿಂಚೂ ಬಿಟ್ಟುಕೊಡಲಿಲ್ಲ. ಬೆಳಕು ಸಾಲದೆಂದು ಪುಸ್ತಕ ಹಿಡಿದು ಕಿಟಕಿಗೆ ಹೋದ, ಸದ್ದಿಲ್ಲದೆ ಓದುತ್ತಿದ್ದ. ಅವನು ಎದ್ದು ಹೋದದ್ದು ತಮ್ಮನಿಗೆ ಗೊತ್ತಾಗಲಿಲ್ಲ. ಖಾಲಿ ಕುರ್ಚಿಯ ಕಡೆಗೇ ಮುಖ ಮಾಡಿ, ಬೆರಳು ತೋರಿಸಿ ತೋರಿಸಿ ಬೈಯುತ್ತಿದ್ದ — ಏನು ಹುಮ್ಮಸ್ಸು, ಎಷ್ಟು ದಿನವಾಗಿತ್ತು ಆ ದನಿ ಕೇಳಿ...

ವಕೀಲ ತಿರುಗಿ ನೋಡಿದ. ಬೆಕ್ಕಿನ ಹೆಜ್ಜೆಯಲ್ಲಿ ಬಂದು ಆ ಕುರ್ಚಿಯಲ್ಲಿ ಕುಳಿತ. ಆ ಬೆರಳಿನ ಎದುರಿಗೇ. ಆಮೇಲೆ ಗಂಟಲು ಹರಿಯುವಂತೆ ಕೂಗಿದ: "ಆಗಲ್ಲ ಅಂದ್ರೆ ಆಗಲ್ಲ!"

ನಾನು ಅಡುಗೆಮನೆಗೆ ಹೋಗಿ, ನನ್ನ ಅಳು ಕೇಳಿಸದಿರಲೆಂದು ನಲ್ಲಿ ಜೋರಾಗಿ ತಿರುಗಿಸಿದೆ. ಆದರೂ ಅವರಿಗೆ ಕೇಳಿಸಿತೋ ಏನೋ, ಇಬ್ಬರೂ ಒಮ್ಮೆಲೇ ಕೂಗಿದರು: "ಅಕ್ಕಾ, ನೀನೇ ಹೇಳು, ಮೊದಲ ಏಟು ಯಾರದು?"