ಐವತ್ತು ಕೆಬಿಯಲ್ಲಿ ಕಾಣದ ಬಿರುಕು

ದುರಸ್ತಿಯ ಅರ್ಜಿಗಳನ್ನು ಪರದೆಯ ಮೇಲೆಯೇ ವಿಲೇವಾರಿ ಮಾಡುವ ಮಾನ್ಯ ಅಧಿಕಾರಿಗಳೇ,

ಬ್ಯಾಕೋಡು ಕಡೆಯ ನಮ್ಮ ಅಂಗನವಾಡಿಯ ಒಂದು ಬದಿಯ ಗೋಡೆ ಬಿರುಕು ಬಿಟ್ಟಿದೆ. ‘ದುರಸ್ತಿಯಾಗಿರುವುದು ಫೋಟೊದಲ್ಲಿ ಕಂಡುಬಂದಿದೆ’ ಎಂದು ಬರೆದು ನೀವು ನಮ್ಮ ಅರ್ಜಿಯನ್ನು ಮುಗಿಸಿದ್ದೀರಿ. ದುರಸ್ತಿ ಮಾಡಿದ ಪುಣ್ಯಾತ್ಮರು ಯಾರೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ನೀವೇ ತಿಳಿಸಿದರೆ ಕರೆದು ಹಾರ ಹಾಕುತ್ತೇವೆ.

ಆ ಫೋಟೊ ತೆಗೆದವನು ನಾನು. ಪೇಟೆಯಲ್ಲಿ ಸಣ್ಣ ಸ್ಟುಡಿಯೊ ಇಟ್ಟಿದ್ದೇನೆ. ನನ್ನ ಮಗಳು ಅದೇ ಅಂಗನವಾಡಿಗೆ ಹೋಗುತ್ತಾಳೆ. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಗಾರೆ ಕೆಲಸದ ಜಯಪ್ಪ ಅದರ ಮೇಲೆ ಅಡ್ಡಡ್ಡ ಕಾಗದದ ಪಟ್ಟಿ ಅಂಟಿಸಿದ್ದ. ಗೋಡೆ ಬಾಯಿ ಬಿಟ್ಟರೆ ಕಾಗದ ಹರಿಯುತ್ತದೆ. ಹರಿದೂ ಇತ್ತು. ನನ್ನ ಕ್ಯಾಮೆರಾದ ಫೋಟೊದಲ್ಲಿ ಆ ಹರಿದ ಅಂಚು ಎಳೆ ಎಳೆಯಾಗಿ ಕಾಣುತ್ತದೆ. ಆದರೆ ಐವತ್ತು ಕೆಬಿಗಿಂತ ದೊಡ್ಡ ಫೋಟೊ ನಿಮ್ಮ ಜಾಲತಾಣದ ಗಂಟಲಲ್ಲಿ ಇಳಿಯುವುದಿಲ್ಲ. ಅಷ್ಟಕ್ಕೆ ಕುಗ್ಗಿಸಿದಾಗ ಬಿರುಕು ಗೋಡೆಯ ಬಣ್ಣದಲ್ಲಿ ಕಲಸಿಹೋಯಿತು, ಕಾಗದದ ಪಟ್ಟಿಗಳು ಮಾತ್ರ ಸಿಮೆಂಟಿನ ತೇಪೆಯಂತೆ ಉಳಿದವು.

ಕುಗ್ಗಿಸಲು ಬರುವುದಿಲ್ಲವೇ ಎಂದು ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಬೇಡದ ಭಾಗ ಕತ್ತರಿಸಿ, ಅಳತೆ ಇಳಿಸಿ, ಆಮೇಲೆ ಗುಣಮಟ್ಟವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸಿದರೆ ಬಿರುಕು ಆ ಐವತ್ತು ಕೆಬಿಯಲ್ಲೇ ಸ್ಪಷ್ಟವಾಗಿ ಕೂರುತ್ತದೆ. ಹಾಗೆಯೇ ಮಾಡಿ ಮತ್ತೆ ಕಳಿಸಿದೆ. ‘ಇಡೀ ಕಟ್ಟಡ ಹಾಗೂ ನಾಮಫಲಕ ಕಾಣುತ್ತಿಲ್ಲ’ ಎಂದು ತಿರಸ್ಕರಿಸಿದಿರಿ. ಇಡೀ ಕಟ್ಟಡವೂ ಕಾಣಬೇಕು, ಕೂದಲೆಳೆಯ ಬಿರುಕೂ ಕಾಣಬೇಕು, ಒಂದೇ ಫೋಟೊ ಆಗಬೇಕು, ಅದೂ ಹಗುರವಾಗಿರಬೇಕು ಎಂದರೆ ಯಾರ ಕೈಲಾಗುತ್ತದೆ ಸ್ವಾಮಿ? ಮದುಮಕ್ಕಳ ಮುಖದ ಕಲೆ ಅಳಿಸಲು ನಾನು ದುಡ್ಡು ತೆಗೆದುಕೊಳ್ಳುತ್ತೇನೆ. ನೀವು ಗೋಡೆಯ ಬಿರುಕನ್ನೇ ಪುಕ್ಕಟೆ ಅಳಿಸಿಕೊಟ್ಟಿರಿ.

ಅಂಗನವಾಡಿ ನಡೆಸುವ ಹೂವಮ್ಮ ಹೆದರಿ ಮಕ್ಕಳನ್ನು ತಮ್ಮ ಮನೆಯ ಜಗಲಿಗೆ ಕರೆದೊಯ್ದಿದ್ದರು. ಹಾಜರಿಯ ಫೋಟೊ ಕಟ್ಟಡದ ಒಳಗಿನಿಂದಲೇ ಬರಬೇಕು, ಇಲ್ಲವಾದರೆ ಮಕ್ಕಳ ಆಹಾರ ನಿಲ್ಲುತ್ತದೆ ಎಂದು ನಿಮ್ಮ ಕಚೇರಿಯಿಂದಲೇ ಫೋನು ಬಂತು. ಇರುವುದು ಒಂದೇ ಕೋಣೆ. ಈಗ ದಿನಾ ಬೆಳಿಗ್ಗೆ ಮಕ್ಕಳನ್ನು ಅಲ್ಲಿ ಕೂರಿಸಿ, ಫೋಟೊ ತೆಗೆದು, ಅದು ನಿಮಗೆ ತಲುಪದಿದ್ದರೆ ಮತ್ತೆ ತೆಗೆಯಬೇಕೆಂದು ತಲುಪುವವರೆಗೆ ಅಲ್ಲೇ ಕಾಯುತ್ತಾರೆ. ನಮ್ಮಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೊನ್ನೆ ಹೂವಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟರು.

“ಉಮೇಶ, ಈ ಫೋಟೊ ಇನ್ನೂ ಸಣ್ಣ ಬರೋ ಹಂಗೆ ಮಾಡ್ಕೊಡು ಮಾರಾಯ. ಬೇಗ ಹೋದ್ರೆ ಮಕ್ಳನ್ನ ಬೇಗ ಹೊರಗೆ ಕರ್ಕಂಡು ಬರ್ತೀನಿ.”

ಮಾಡಿಕೊಟ್ಟೆ. ನನ್ನ ಮಗಳ ಮುಖ ನನಗೇ ಗುರುತು ಸಿಗದಷ್ಟು ಸಣ್ಣ ಮಾಡಿಕೊಟ್ಟೆ.

ಹಾಜರಿಯನ್ನು ಜಗಲಿಯಿಂದಲೇ ಕಳಿಸಲು ಇವತ್ತೇ ಅಪ್ಪಣೆ ಕೊಡಿ. ಆಮೇಲೆ ಖುದ್ದಾಗಿ ಬನ್ನಿ. ಅಪ್ಪಣೆ ಕೊಡಲು ಮನಸ್ಸು ಬಾರದಿದ್ದರೆ, ಆ ಗೋಡೆಯ ಬುಡದಲ್ಲಿ ಒಂದು ಫೋಟೊ ಅಪ್‌ಲೋಡ್ ಆಗುವಷ್ಟು ಹೊತ್ತು ನೀವೇ ಕುಳಿತು ನೋಡಿ.

ಇಂತಿ,
ಗೋಡೆ ಈ ಹೊತ್ತಿಗೆ ನಿಂತಿದೆ ಎಂಬ ಧೈರ್ಯದಲ್ಲಿ,
ಮಗಳ ಮುಖವನ್ನು ತಾನೇ ಅಳಿಸಿದ ಫೋಟೊಗ್ರಾಫರ್ ಉಮೇಶ್