ಕೌದಿ ಅಂಟಿದ ಸ್ಕೀ

ನಮ್ಮ ಅಂಕಿತಾಳ ಅಪ್ಪನವರಿಗೆ,

ಬೆಟಗೇರಿಯಿಂದ ನಿಮ್ಮ ನೀಲಾ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಆರಾಮ. ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡಿದರೆ ನೀವು ಅದರ ಬಾಲ ಹಿಡಿದು ನಾಲ್ಕು ಮಾತು ಆಡುತ್ತೀರಿ. ಅಷ್ಟರಲ್ಲಿ ನಿಮ್ಮ ಗುಡ್ಡದ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಇದರ ಜೊತೆಗೆ ಬಂದಿರುವ ಉದ್ದನೆಯ ಗಂಟನ್ನು ಇದು ಓದಿ ಮುಗಿಯುವವರೆಗೂ ಬಿಚ್ಚಬೇಡಿ. ಆಗಲೇ ಬಿಚ್ಚಿರುತ್ತೀರಿ, ನನಗೆ ಗೊತ್ತು. ಇರಲಿ, ಪಕ್ಕಕ್ಕಿಟ್ಟು ಓದಿ.

ಸೈನ್ಯದಿಂದ ಪೆನ್ಶನ್ ಮೇಲೆ ಬಂದ ಮೇಲೂ ನೀವು ಮನೆಯಲ್ಲಿ ಇದ್ದದ್ದಕ್ಕಿಂತ ಹಿಮಾಚಲದ ಆ ಸ್ಕೀ ಶಾಲೆಯಲ್ಲಿ ಇದ್ದದ್ದೇ ಹೆಚ್ಚು. ನನಗೆ ಸಿಟ್ಟಿಲ್ಲ. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನು ಕಲಿಸುವ ಕೆಲಸ ಗದಗಿನಲ್ಲಿ ಎಲ್ಲಿ ಸಿಗಬೇಕು? ನಮಗೆ ಹಿಮ ಎಂದರೆ ಐಸ್‌ಕ್ಯಾಂಡಿ ಡಬ್ಬಿಯಲ್ಲಿ ಇರುವುದು. ಮದುವೆಯಾದ ಹೊಸತರಲ್ಲಿ ನೀವು ಒಮ್ಮೆ ಹೇಳಿದ್ದಿರಿ, ಕುರ್ತಕೋಟಿಯ ಹೊಲದಲ್ಲಿ ಹೆಂಟೆ ಒಡೆಯುವ ಕೊರಡಿನ ಮೇಲೆ ನಿಮ್ಮ ಅಪ್ಪ ನಿಮ್ಮನ್ನು ಭಾರಕ್ಕೆಂದು ನಿಲ್ಲಿಸುತ್ತಿದ್ದರು, ಎತ್ತು ಎಳೆಯುತ್ತಿದ್ದವು, ಮೊದಲ ಸಲ ಸ್ಕೀ ಕಟ್ಟಿದಾಗ ಅದೇ ನೆನಪಾಯಿತು ಎಂದು. “ಉಳದಾವ್ರೆಲ್ಲಾ ಬಿದ್ರು, ನಾ ಒಬ್ಬಾಂವ ನಿಂತೆ” ಎಂದು ಎದೆ ಉಬ್ಬಿಸಿದ್ದಿರಿ. ಆ ಮಾತನ್ನು ನಾನು ಈ ಊರಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಅದಕ್ಕೇ ಯುಗಾದಿಗೆ ಬಂದಾಗ, “ಸ್ಕೀ ಇಲ್ಲೇ ಮನ್ಯಾಗ ಮಾಡೂಣ. ಥಂಡ್ಯಾಗ ಅಷ್ಟ ಹೋಗಿ ಕಲಿಸಿ ಬರ್ತೀನಿ. ಉಳಿದ ವರ್ಷೆಲ್ಲಾ ನಿನ್ನ ಕಣ್ಣ ಮುಂದ” ಎಂದು ನೀವಾಗಿ ಹೇಳಿದಿರಲ್ಲ, ಆ ಹೊತ್ತು ಹಂಚಿನ ಮೇಲಿದ್ದ ರೊಟ್ಟಿ ಸೀದು ಕರಿಕಾಯಿತು. ವಾಸನೆ ಬಂದದ್ದು ನಿಮಗೆ, ನನಗಲ್ಲ.

ಹಿತ್ತಲಿನಲ್ಲಿ ನಿಮ್ಮ ವ್ಯಾಕ್ಯೂಮ್ ಪ್ರೆಸ್ ಎದ್ದಿತು. ಫ್ರಿಜ್ ರಿಪೇರಿಯ ಮಹಬೂಬಸಾಬರು ಹಳೆಯದೊಂದರ ಕಂಪ್ರೆಸರ್ ತಂದು ತಿರುವು ಮುರುವು ಮಾಡಿ ಕೂರಿಸಿ, “ಗಾಳಿ ತಳ್ಳೂದು ಅದಕ್ಕ ಗೊತ್ತಿತ್ತು, ಎಳಿಯೂದೂ ಕಲಿಸೇನಿ ನೋಡ್ರಿ” ಎಂದರು. ಮೂತಿ ಮೇಲೆದ್ದ ಅಚ್ಚು. ಅದರ ಮೇಲೆ ಹೆಬ್ಬೇವಿನ ತೆಳು ಪಟ್ಟಿ, ಮೇಲೆ ಕೆಳಗೆ ರೆಸಿನ್ ಅಂಟು ಸವರಿದ ಗಾಜಿನೆಳೆಯ ಬಟ್ಟೆ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಳಗಿನ ಗಾಳಿ ಎಳೆದರೆ ಹೊರಗಿನ ಗಾಳಿಯೇ ಸುತ್ತಲಿಂದ ಅಮುಕಿ ಹಿಡಿಯುತ್ತದೆ ಎಂದು ನನಗೆ ಪಾಠ ಹೇಳಿದಿರಿ. ದಿನಾ ಕಟಕ ರೊಟ್ಟಿಯನ್ನು ಅದೇ ರೀತಿ ಪ್ಯಾಕ್ ಮಾಡಿ ಅಂಗಡಿಗಳಿಗೆ ಕಳಿಸುವವಳಿಗೆ!

ಆಮೇಲಿನದು ನಿಮಗೂ ಗೊತ್ತು. ನಮ್ಮ ಬಿಸಿಲಿಗೆ ರೆಸಿನ್ ಮಗ್ಗಿನಲ್ಲೇ ಹೊಗೆಯಾಡಿ ಕಲ್ಲಾಯಿತು. ಮರುದಿನ ಮಾಡಿದ ಸ್ಕೀ ಒಳಗೆ ಗಾಳಿ ಉಳಿದು ಹೊಟ್ಟೆ ಉಬ್ಬಿಸಿಕೊಂಡು ಹೊರಬಂತು. ನೀವು ಅಚ್ಚನ್ನು ಒದ್ದು, “ಇದು ನಮ್ಮ ಊರಾಗ ಆಗೂ ಕೆಲಸಲ್ಲ ಬಿಡ. ಇಲ್ಲಿ ಮನಷ್ಯಾರ ಕರಗತಾರ” ಎಂದು ಚೀಲ ಕಟ್ಟಿದಿರಿ. ಹೋಗುವಾಗ ಬಾಗಿಲಲ್ಲಿ ನಿಂತು, ಶಾಲೆಯವರು ಪೂರ್ತಿ ವರ್ಷಕ್ಕೆ ಅಲ್ಲೇ ಇರಲು ಕೇಳಿದ್ದಾರೆ, ಶಿವರಾತ್ರಿಯೊಳಗೆ ಉತ್ತರ ಕೊಡಬೇಕು ಎಂದು ಎಲ್ಲೋ ನೋಡುತ್ತ ಹೇಳಿದಿರಿ. ನಾನು ಬುತ್ತಿಯ ಗಂಟು ಬಿಗಿ ಮಾಡುತ್ತ ಹೂಂ ಎಂದೆ.

ಕಲ್ಲಾದ ರೆಸಿನ್ ಮಗ್ಗು ಹಿತ್ತಲಲ್ಲೇ ಬಿದ್ದಿತ್ತು. ಮಾಗಿಯ ಚಳಿ ಬಿದ್ದ ಮೇಲೆ ಒಂದು ದಿನ ಬಿಸಿ ರೊಟ್ಟಿ ಹರವುತ್ತಿದ್ದಾಗ ಅದು ಕಣ್ಣಿಗೆ ಬಿತ್ತು. ಬಿಸಿ ರೊಟ್ಟಿಯನ್ನು ಒಂದರ ಮೇಲೊಂದು ಒಟ್ಟಿದರೆ ಒಳಗಿನ ಕಾವು ಹೊರಗೆ ಹೋಗದೆ ಬೆವರುತ್ತವೆ, ಅದಕ್ಕೇ ಹರವುತ್ತೇವೆ. ಆ ರೆಸಿನ್ನಿಗೂ ತನ್ನ ಕಾವೇ ಮುಳುವಾಗಿರಬೇಕಲ್ಲ? ಮರುದಿನ ನಸುಕಿನ ತಂಪಿನಲ್ಲಿ, ಕೆಲಸದವರು ಬರುವ ಮೊದಲು, ನೀವು ಬಿಟ್ಟುಹೋದ ರೆಸಿನ್ ಕಲಸಿ ಮಗ್ಗಿನ ಬದಲು ಅಗಲ ಪರಾತದಲ್ಲಿ ತೆಳ್ಳಗೆ ಹರವಿದೆ. ಬಟ್ಟೆಗೆಲ್ಲ ಸವರಿ ಮುಗಿಯುವವರೆಗೂ ಅದು ಜೇನಿನ ಹಾಗೇ ಇತ್ತು. ನಗಬೇಡಿ, ಪರಾತ ಹಾಳಾಯಿತು. ಬರುವಾಗ ಹೊಸದು ತನ್ನಿ.

ಹೊಟ್ಟೆ ಉಬ್ಬುವುದು ಮಾತ್ರ ಬಿಡಲಿಲ್ಲ. ಮಹಬೂಬಸಾಬರು ಚೀಲದ ಅಂಚಿಗೆ ಸಾಬೂನು ನೊರೆ ಹಚ್ಚಿ ಹುಡುಕಿದರು, ಗಾಳಿ ಎಲ್ಲೂ ಸೋರುತ್ತಿರಲಿಲ್ಲ. ಪ್ಲಾಸ್ಟಿಕ್ ಮೊದಲು ಅಂಚಿಗೆ ಕಚ್ಚಿಕೊಂಡು ನಡುವಿನ ಗಾಳಿಯ ದಾರಿ ಕಟ್ಟುತ್ತಿತ್ತು. ದಪ್ಪ ಬಟ್ಟೆ ಹೊದಿಸಿದರೆ ಅದರೊಳಗಿಂದ ಗಾಳಿ ನುಸುಳಿ ಹೋದೀತು ಎಂದುಕೊಂಡೆ. ಕೈಗೆ ಸಿಕ್ಕಿದ್ದು ಹಗ್ಗದ ಮೇಲಿದ್ದ, ಹಳೆಯ ಬಟ್ಟೆ ತುಂಡುಗಳನ್ನು ಸೇರಿಸಿ ಹೊಲಿದ ಅತ್ತೆಯವರ ಕೌದಿ. ಅಂಟಿಕೊಳ್ಳದ ಹಾಗೆ ಕೌದಿಗೂ ಸ್ಕೀಗೂ ನಡುವೆ ಒಂದು ತೆಳು ಪ್ಲಾಸ್ಟಿಕ್ ಹಾಸಬೇಕಿತ್ತು. ಹಾಸುವ ಹೊತ್ತಿಗೆ ಅಂಕಿತಾಳ ಶಾಲೆಯ ಆಟೋ ಹಾರ್ನ್ ಹೊಡೆಯಿತು. ಮರೆತೇಬಿಟ್ಟೆ.

ಮಾರನೇ ದಿನ ಚೀಲ ಬಿಚ್ಚಿದರೆ ಉಬ್ಬಿಲ್ಲ, ತಗ್ಗಿಲ್ಲ, ಮೂತಿ ಚಂದ ಎದ್ದಿದೆ. ಕೌದಿ ಮಾತ್ರ ಏಳಲೊಲ್ಲದು. ಬ್ಲೇಡಿನಿಂದ ಸುತ್ತ ಕೊಯ್ದು, ಪದರ ಪದರ ಕಿತ್ತರೂ ಕೆಳಗಿನ ಪದರ ಮರಕ್ಕೆ ಚರ್ಮವಾಗಿ ಕೂತಿತ್ತು. ಅದರಲ್ಲಿ ನೀವು ಚಿಕ್ಕಂದಿನಲ್ಲಿ ಶಾಲೆಗೆ ಹಾಕುತ್ತಿದ್ದ ಖಾಕಿ ಚಡ್ಡಿ, ಮಾವನವರ ರುಮಾಲು, ಅತ್ತೆಯವರ ಮದುವೆಯ ಇಳಕಲ್ ಸೀರೆಯ ಸೆರಗು ಎಲ್ಲ ಇದ್ದವು. ಅತ್ತೆಯವರು ಬಂದು, ಕನ್ನಡಕ ಹಾಕಿಕೊಂಡು, ಬೆರಳಿನಿಂದ ಒಂದೊಂದು ತುಂಡನ್ನೂ ಸವರಿ ನೋಡಿದರು. “ಅಯ್ಯ ಇದನ, ನನ್ನ ಕೌದಿ ನುಂಗಿಬಿಟ್ಟೈತಲ್ಲ!” ಎಂದರು. ನಾನು ಅಳುವುದಕ್ಕೆ ಶುರು ಮಾಡಿದ್ದು ನೋಡಿ, “ಯಾಕ ಅಳತಿ? ಅಂವ ತುಳೀತಾನಂತೇನು? ಸಣ್ಣಾಂವ ಇದ್ದಾಗಿಂದ ಇದನ್ನ ತುಳಕೋಂತನ ಮಲಗ್ಯಾನ. ಉಳದ ಅರ್ಧಾ ಇನ್ನೊಂದಕ್ಕ ಹಚ್ಚು” ಎಂದರು. ಅತ್ತೆಯಾಗಿ ಇಂಥವರು ಸಿಗಲು ನಾನು ಯಾವ ಪುಣ್ಯ ಮಾಡಿದ್ದೆನೋ.

ಹಾಗೆ ಇನ್ನೊಂದಕ್ಕೆ ಬೇಕೆಂದೇ ಅಂಟಿಸಿದೆವು. ಎರಡರ ಮೇಲೂ ತೆಳ್ಳಗೆ ರೆಸಿನ್ ಸವರಿದೆವು. ಅಂಚಿನ ಉಕ್ಕಿನ ಪಟ್ಟಿ, ತಳದ ಹಾಳೆ ನೀವು ತಂದಿಟ್ಟದ್ದೇ. ಆಮೇಲೆ ಎರಡು ಮಣೆಗಳ ಮೇಲೆ ಅಡ್ಡಲಾಗಿ ಇಟ್ಟು, ರೊಟ್ಟಿ ಬಡಿಯುವವರಲ್ಲಿ ಎಲ್ಲರಿಗಿಂತ ಗಟ್ಟಿ ಆಳಾದ ನಮ್ಮ ಸುನಿತಾಳನ್ನು ನಡುವೆ ನಿಲ್ಲಿಸಿದೆ. ಬಾಗಿತು. ಇಳಿದ ಕೂಡಲೇ ಮೊದಲಿನ ಹಾಗೇ ಎದ್ದಿತು. “ಇನ್ನೊಮ್ಮಿ ನಿಂದರ್ಲೇನ್ರಿ ಅಕ್ಕಾರ?” ಎಂದಳು ಸುನಿತಾ. ಅವತ್ತು ರೊಟ್ಟಿ ಬಡಿದದ್ದು ಕಡಿಮೆ, ಸ್ಕೀ ಹತ್ತಿ ಇಳಿದದ್ದೇ ಹೆಚ್ಚು.

ಈಗ ಗಂಟು ನೋಡಿ. ಒಂದೇ ಇದೆಯಲ್ಲ ಎಂದು ಪೋಸ್ಟಿನವರನ್ನು ಬೈಯಬೇಡಿ. ಒಂದೇ ಕಳಿಸಿದ್ದೇನೆ. ನಿಮ್ಮ ಪರೀಕ್ಷೆಗೆ ಅಷ್ಟು ಸಾಕು. ಒಂದು ಕಾಲಿಗೆ ಇದನ್ನು, ಇನ್ನೊಂದಕ್ಕೆ ನಿಮ್ಮ ಹಳೆಯದನ್ನು ಕಟ್ಟಿ ಇಳಿಯಿರಿ. ಹುಳುಕು ಕಂಡರೆ ಮುಲಾಜಿಲ್ಲದೆ ಹೇಳಿ, ತಿದ್ದುತ್ತೇನೆ. ಆದರೆ ನಮ್ಮ ಊರಿನಲ್ಲಿ ಆಗುವುದಿಲ್ಲ ಎಂದು ಮಾತ್ರ ಇನ್ನು ಹೇಳಬೇಡಿ.

ಶಿವರಾತ್ರಿ ದೂರವಿಲ್ಲ. ವರ್ಷವಿಡೀ ಅಲ್ಲೇ ಇರುವುದೇ ನಿಮ್ಮ ಮನಸ್ಸಾದರೆ ಒಂದು ಮಾತು ತಿಳಿಸಿ, ಇನ್ನೊಂದನ್ನೂ ಹೀಗೇ ಸುತ್ತಿ ಕಳಿಸುತ್ತೇನೆ, ಮುಖ ಊದಿಸಿಕೊಳ್ಳುವುದಿಲ್ಲ. ನೀವಿಲ್ಲದೆ ನಾನು ಚೆನ್ನಾಗಿಯೇ ಇದ್ದೇನೆ, ನೀವಿದ್ದರೆ ಇನ್ನೂ ಚೆನ್ನಾಗಿರುತ್ತೇನೆ, ಇರುವ ಮಾತು ಇಷ್ಟೇ. ಅತ್ತೆಯವರಿಗೆ ಮಾತ್ರ ಚಿಂತೆಯೇ ಇಲ್ಲ. “ಕಾಲಾಗಿನದು ಒಂದು ಇಲ್ಲೇ ಬಿಟ್ಟಾಂವ ಎಲ್ಲಿ ಹೋಗ್ತಾನ?” ಎಂದು ನಗುತ್ತಾರೆ. ಸ್ಕೀಯ ಅಂಚಿನಲ್ಲಿ ಇಳಕಲ್ ಸೆರಗಿನ ಅರ್ಧ ಕೆಂಪು ಪಟ್ಟಿ ಇದೆ, ನೋಡಿ. ಉಳಿದ ಅರ್ಧ ಇಲ್ಲಿ, ನಿಮ್ಮ ಕೋಟು ತೂಗುಹಾಕುವ ಗೂಟದ ಪಕ್ಕದಲ್ಲಿ ಗೋಡೆಗೆ ಒರಗಿದೆ.

ದಿನಾ ಇಳಿಯುವ ನಿಮ್ಮ ಕಾಲುಗಳನ್ನು ದೇವರು ಕಾಯಲಿ. ಜಾರಿ, ಬೀಳಬೇಡಿ.

ಜೋಡಿಯನ್ನು ಒಡೆದು ಕಳಿಸಿ ಕೂತಿರುವ,
ನಿಮ್ಮ ನೀಲಾ