ಎತ್ತರಕ್ಕೆ ಒಗ್ಗದ ರಕ್ತ

ಲಿಂಗಸುಗೂರು,
ಫೆಬ್ರವರಿ ೩೦, ೨೧೯೧

ಆರು ತಲೆಮಾರಿನ ಹಿಂದಿನ ನಮ್ಮ ಹಂಪವ್ವನವರಿಗೆ, ಬಡಿಗೇರ ಸೋಮವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಬರೆದವಳಿಗೆ ಬುದ್ಧಿ ಕೆಟ್ಟಿದೆ ಎಂದುಕೊಳ್ಳಬೇಡಿ. ನನ್ನ ಅಜ್ಜನ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿತೂಗಿಸಿದರು. ಅಂದಿನಿಂದ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಅಪರಿಚಿತವಾಗಿ ಕಂಡಾವು. ಅವು ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಕ್ಷಮಿಸಬೇಕು. ನಿಮ್ಮನ್ನು ಹೇಗೆ ಕರೆಯುವುದೆಂದೂ ತಿಳಿಯುತ್ತಿಲ್ಲ. ನೀವು ನನಗೆ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಈ ಕಾಗದ ಓದುವ ನಿಮಗೆ ಈಗ ಇಪ್ಪತ್ತು ವರ್ಷ, ಬರೆಯುತ್ತಿರುವ ನನಗೆ ಅರವತ್ತು. ನೀವು ಎಂದೇ ಕರೆಯುತ್ತೇನೆ. ನಡುನಡುವೆ ಮಗಳಿಗೆ ಹೇಳಿದ ಹಾಗೆ ಕೇಳಿಸಿದರೆ ನಕ್ಕುಬಿಡಿ.

ನಮ್ಮಲ್ಲಿ ಒಂದು ರೂಢಿಯಿದೆ. ಸ್ಪರ್ಧೆಗಳಲ್ಲಿ ಓಡಿದವರು ಅರವತ್ತು ತುಂಬಿದ ವರ್ಷ ತಮಗಿಂತ ಮೊದಲು ಓಡಿದ ಒಬ್ಬರಿಗೆ ಕಾಗದ ಬರೆಯುತ್ತಾರೆ. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ಅದು ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನಮ್ಮ ಮನೆತನದಲ್ಲಿ ಮೊದಲು ಓಡಿದವರು ನೀವು, ಆಮೇಲೆ ಓಡಿದವಳು ನಾನು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಊರನ್ನು ನೀವು ಗುರುತು ಹಿಡಿಯಲಾರಿರಿ. ಮಾರ್ಚ್‌ನಿಂದ ಜೂನ್‌ವರೆಗೆ ಇಲ್ಲಿ ನೆರಳುಗಾಲ. ಬೆಳಗಿನ ಒಂಬತ್ತರಿಂದ ಸಂಜೆ ಐದರವರೆಗೆ ಯಾರೂ ಬಯಲಿಗೆ ಕಾಲಿಡುವುದಿಲ್ಲ. ಬೀದಿಗಳಿಗೆ ಮೇಲಿನಿಂದ ಬಿಳಿಯ ಬಟ್ಟೆ ಕಟ್ಟಿದ್ದಾರೆ. ಸಂತೆ ನಸುಕಿನಲ್ಲಿ ಸೇರಿ ಹೊತ್ತೇರುವುದರೊಳಗೆ ಚದುರುತ್ತದೆ. ಹೀಗಾಗಿ ನನ್ನ ಹರೆಯದಲ್ಲಿ ದೂರದ ಓಟಗಳೆಲ್ಲ ಬೆಟ್ಟದ ನಾಡುಗಳಿಗೆ ಹೋಗಿದ್ದವು. ಓಟಗಾರಳಾಗಬೇಕೆಂದರೆ ಎತ್ತರಕ್ಕೆ ಒಗ್ಗಲೇಬೇಕು ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಇಪ್ಪತ್ತೆರಡನೆಯ ವರ್ಷ ಹಿಮಾಲಯದ ಲಾಹೌಲ್ ಕಣಿವೆಯಲ್ಲಿದ್ದ ಮೇಲ್ಗಾಳಿ ಎಂಬ ಓಟದ ಶಾಲೆಗೆ ಆಯ್ಕೆಯಾದೆ. ಅಪ್ಪ ಬಾಗಿಲು ಕಿಟಕಿ ಮಾಡುವ ಬಡಿಗ. ಆ ದಿನ ಉಳಿಯನ್ನು ಕೆಳಗಿಟ್ಟು, ಹೊಟ್ಟು ಮೆತ್ತಿದ ಕೈಯಲ್ಲೇ ಓಣಿಗೆಲ್ಲ ಬೆಲ್ಲ ಹಂಚಿದ.

ಆ ಶಾಲೆ ಸಮುದ್ರಮಟ್ಟದಿಂದ ಮೂರು ಸಾವಿರದ ಇನ್ನೂರು ಮೀಟರ್ ಮೇಲಿತ್ತು. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಉಸಿರಿಗೆ ಸಿಗುವ ಪ್ರಾಣವಾಯು ಕಡಿಮೆಯಾದಾಗ ಮೈ ತಾನಾಗಿ ಹೆಚ್ಚು ಕೆಂಪುರಕ್ತ ಕಟ್ಟಿಕೊಳ್ಳುತ್ತದೆ. ಆ ರಕ್ತ ಹೊತ್ತು ಕೆಳಗೆ ಬಂದರೆ ಕಾಲಿಗೆ ದಣಿವಿಲ್ಲ ಎಂಬುದು ಲೆಕ್ಕ. ಮಲಗುವುದು ಮೇಲೆ, ಬಿರುಸಿನ ಓಟ ಕಣಿವೆಯ ತಳದಲ್ಲಿ, ವಾರಕ್ಕೊಮ್ಮೆ ಇನ್ನೂ ಮೇಲೆ, ಎರಡು ಶಿಖರಗಳ ನಡುವಿನ ಕಣಿವೆಬಾಯಿಗೆ ನಿಧಾನದ ಓಟ. ಮೊದಲ ವಾರ ತಲೆ ಸಿಡಿಯುತ್ತಿತ್ತು. ನಿದ್ದೆಯಲ್ಲಿ ಉಸಿರು ನಿಂತಂತಾಗಿ ದಿಗ್ಗನೆ ಏಳುತ್ತಿದ್ದೆ. ಬೇಳೆ ಎಷ್ಟು ಕುದಿಸಿದರೂ ಬೇಯುತ್ತಿರಲಿಲ್ಲ, ಕುಕ್ಕರಿನಲ್ಲಿ ಎರಡು ಪಟ್ಟು ಹೊತ್ತು ಇಡಬೇಕು. ದಿನಕ್ಕೆ ನಾಲ್ಕು ಲೀಟರ್ ನೀರು, ಎರಡು ಹೊತ್ತು ನುಗ್ಗೆಸೊಪ್ಪಿನ ಪುಡಿ ಕಲಸಿದ ರಾಗಿ. ರಕ್ತ ಕಟ್ಟಲು ಕಬ್ಬಿಣ ಬೇಕಲ್ಲ.

ನಮ್ಮ ಕಲಿಕೆಯನ್ನು ಅಳೆಯುತ್ತಿದ್ದುದು ಕಿವಿಕಾಳು. ಜೋಳದ ಕಾಳಿನಷ್ಟೇ ಇರುವ ಒಂದು ಮಣಿ. ಮಲಗುವಾಗ ಕಿವಿಯ ಹಾಲೆಗೆ ಸಿಕ್ಕಿಸಿಕೊಳ್ಳಬೇಕು. ಬೆಳಗಿನವರೆಗೆ ಅದು ನಮ್ಮ ರಕ್ತವನ್ನೂ ಉಸಿರನ್ನೂ, ಅಂದರೆ ರಕ್ತದಲ್ಲಿ ನೂರಕ್ಕೆ ಎಷ್ಟು ಪ್ರಾಣವಾಯು ಬೆರೆತಿದೆ ಎಂಬುದನ್ನೂ, ಓದುತ್ತದೆ. ಎದ್ದ ಕೂಡಲೇ ಹೆಸರು ಬರೆದ ನಮ್ಮ ನಮ್ಮ ಬಟ್ಟಲಿಗೆ ಹಾಕಬೇಕು. ನಲವತ್ತನೆಯ ದಿನದ ಲೆಕ್ಕದಲ್ಲಿ ಯಾರ ರಕ್ತ ಏರಿಲ್ಲವೋ ಅವರು ಊರಿಗೆ ಹೊರಡಬೇಕು. ಇದು ನಿಯಮ.

ನನ್ನ ರಕ್ತ ಏರಲಿಲ್ಲ. ಹತ್ತನೆಯ ದಿನ ಎಷ್ಟಿತ್ತೋ ಮೂವತ್ತನೆಯ ದಿನವೂ ಅಷ್ಟೇ. ಎಲ್ಲರಿಗಿಂತ ಹೆಚ್ಚು ತಿಂದೆ, ಎಲ್ಲರಿಗಿಂತ ಮೊದಲು ಮಲಗಿದೆ. ಅದು ಜಗ್ಗಲಿಲ್ಲ. ಮನೆಗೆ ಮಾತಾಡುವಾಗ ಚೆನ್ನಾಗಿ ನಡೆದಿದೆ ಎಂದು ಸುಳ್ಳು ಹೇಳಿದೆ.

ನನ್ನ ಕೋಣೆಯಲ್ಲಿದ್ದವಳು ಸುಗಂಧಿ ಮೊಗೇರ, ಕುಂದಾಪುರದ ಕಡೆಯವಳು. ಮೀನು ಹಿಡಿಯುವವರ ಮನೆಯ ಹುಡುಗಿ. ಸಮುದ್ರದ ಮಟ್ಟದಲ್ಲಿ ಹುಟ್ಟಿ ಬೆಳೆದ ಅವಳ ರಕ್ತ ಬೆಟ್ಟದಲ್ಲೇ ಹುಟ್ಟಿದ್ದೇನೋ ಎಂಬಂತೆ ದಿನದಿಂದ ದಿನಕ್ಕೆ ಏರಿತು. ಅದಕ್ಕಾಗಿ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿರಲಿಲ್ಲ, ಅಂಥ ಸ್ವಭಾವ ಅವಳದು. ನನಗೆ ತಲೆನೋವು ಬಂದ ದಿನಗಳಲ್ಲಿ ನನ್ನ ಬಟ್ಟೆಯನ್ನೂ ಅವಳೇ ಒಗೆದು ಹಾಕುತ್ತಿದ್ದಳು. ಇಪ್ಪತ್ತೇಳನೆಯ ದಿನ ಅಕ್ಕನ ಮದುವೆಗೆಂದು ಊರಿಗೆ ಹೋದಳು. ಹತ್ತು ದಿನ ಕಡಲ ದಂಡೆಯಲ್ಲಿದ್ದು ಮೂವತ್ತೇಳರಂದು ಹಿಂತಿರುಗಿದಳು. ಬಂದ ಮರುದಿನದಿಂದ ಒಣಕೆಮ್ಮು. ಪ್ರಯಾಣದ ಧೂಳು ಎಂದಳು, ನಾವೂ ಹಾಗೆಯೇ ತಿಳಿದೆವು.

ನಲವತ್ತನೆಯ ದಿನದ ಬೆಳಗು. ಸುಗಂಧಿ ಕಾಳನ್ನು ಹಾಸಿಗೆಯ ಮೇಲಿಟ್ಟು ಮುಖ ತೊಳೆಯಲು ಹೋದಳು. ನನ್ನದು ನನ್ನ ಅಂಗೈಯಲ್ಲಿತ್ತು. ಅವಳ ಕಾಳನ್ನು ನನ್ನ ಬಟ್ಟಲಿಗೆ ಹಾಕಿದೆ, ನನ್ನದನ್ನು ಅವಳದಕ್ಕೆ. ಅವಳ ಹಳೆಯ ಲೆಕ್ಕ ಅಷ್ಟು ಚೆನ್ನಾಗಿರುವಾಗ ಒಂದು ದಿನ ಕೆಟ್ಟರೆ ಯಂತ್ರದ ತಪ್ಪೆಂದು ಬಿಟ್ಟಾರು, ನನಗಾದರೋ ಇದೊಂದೇ ದಿನ ಬೇಕಾದದ್ದು. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಿಂಜರಿಯದೆ ಮಾಡಿದೆ ಎಂಬುದನ್ನು ನಿಮಗೆ ಹೇಳಲೇಬೇಕು.

ಅಂದು ಮೇಲಿನ ಕಣಿವೆಬಾಯಿಗೆ ಓಡುವ ದಿನ. ಸುಗಂಧಿ ಸೇರಿ ಉಳಿದವರೆಲ್ಲ ಸಹಾಯಕ ತರಬೇತುದಾರನೊಡನೆ ಏಳಕ್ಕೆ ಹೊರಟರು. ನನ್ನನ್ನು ನದಾಫ ಮಾಸ್ತರು ಅಂಗಳದಲ್ಲೇ ನಿಲ್ಲಿಸಿಕೊಂಡರು. ಇಮಾಮಸಾಬ ನದಾಫ, ಧಾರವಾಡದವರು, ನಮ್ಮ ಹಿರಿಯ ತರಬೇತುದಾರರು. ಕೈಯಲ್ಲಿ ಲೆಕ್ಕದ ಹಲಗೆ ಹಿಡಿದಿದ್ದರು.

"ರಕ್ತ ಚಲೋ ಏರೇತಿ ಸೋಮವ್ವಾ," ಎಂದರು. ಆ ಒಂದು ಕ್ಷಣ ನನಗಾದ ಸಂತೋಷ ಈಗಲೂ ನೆನಪಿದೆ. "ಆದ್ರ ರಾತ್ರಿ ಉಸಿರು ಭಾಳ ಇಳದೈತಿ. ಎಂಬತ್ತರ ಮ್ಯಾಲ ಇರಬೇಕಾದ್ದು ಅರವತ್ತಕ್ಕ ಬಂದೈತಿ. ಕೆಮ್ಮೇನರ ಐತೇನು?"

ಇಲ್ಲ, ಆರಾಮಿದ್ದೇನೆ ಎಂದೆ. ಅವರು ನನ್ನ ಉಗುರು ನೋಡಿದರು, ಎದೆಗೆ ಕಿವಿಗೊಟ್ಟು ಕೇಳಿದರು. ಏನೂ ಸಿಗಲಿಲ್ಲ. ಆದರೂ ಇಂಥ ಲೆಕ್ಕವನ್ನು ತಾತ್ಸಾರ ಮಾಡುವಂತಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬುವ ಲಕ್ಷಣವಿದು, ಮೇಲೆ ಹತ್ತಿದರೆ ಜೀವಕ್ಕೇ ಅಪಾಯ, ಗಾಡಿ ತಯಾರಿದೆ, ಈಗಲೇ ಕೆಳಗಿಳಿ ಎಂದರು. ಚೀಲ ತರಲು ಕೋಣೆಗೆ ಹೋದೆ. ಸುಗಂಧಿಯ ಹಾಸಿಗೆಯ ಮೇಲೆ ಎರಡು ದಿಂಬು ಒಂದರ ಮೇಲೊಂದು ಇದ್ದವು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಂದು ಅವಳು ನನ್ನ ದಿಂಬನ್ನೂ ಕೇಳಿ ತೆಗೆದುಕೊಂಡಿದ್ದಳು. ಅದನ್ನು ನೋಡುತ್ತ ನಿಂತೆ. ಬಾಯಿ ಬಿಟ್ಟರೆ ನನ್ನ ಓಟ ಇಂದಿಗೇ ಮುಗಿಯಿತು. ಬಿಡದಿದ್ದರೆ, ಅವಳಿಗೆ ಏನೂ ಆಗದೆಯೂ ಇರಬಹುದು. ಎಷ್ಟು ಹೊತ್ತು ನಿಂತಿದ್ದೆನೋ, ಹೊರಗೆ ಗಾಡಿಯವನು ಎರಡು ಸಲ ಕರೆದದ್ದು ಕೇಳಿಸಿತು.

ಅಂಗಳಕ್ಕೆ ಬಂದು ಹೇಳಿದೆ: "ಮಾಸ್ತರ, ಆ ಕಾಳು ನಂದಲ್ರೀ. ಸುಗಂಧೀದು. ನಾನ ಅದಲಬದಲ ಮಾಡೀನಿ."

ಅವರು ಬೈಯಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. "ಹೋಗಿ ಎಷ್ಟೊತ್ತಾತು ಅವರು?" ಎಂದಷ್ಟೇ ಕೇಳಿದರು. ಮುಕ್ಕಾಲು ಗಂಟೆಯಾಗಿತ್ತು. ಆ ಗುಡ್ಡದ ಹಿಂದೆ ಯಾವ ಕರೆಯೂ ಮುಟ್ಟುವುದಿಲ್ಲ. ನಿಮ್ಮ ಕಾಲದಿಂದ ನೂರಾರು ಹೊಸ ಯಂತ್ರಗಳು ಬಂದರೂ ಬೆಟ್ಟಗಳು ಹಾಗೆಯೇ ಇವೆ. ಮಾಸ್ತರು ಒಳಗಿನಿಂದ ಪ್ರಾಣವಾಯುವಿನ ಸಣ್ಣ ಸೀಸೆ ತಂದು ನನ್ನ ಬೆನ್ನಿಗೆ ಕಟ್ಟಿದರು. "ನನಗಿಂತ ನೀ ಮೊದಲ ಮುಟ್ತಿ. ಓಡು. ನಾ ಡೋಲಿ ತಗೊಂಡ ಹಿಂದ ಬರ್ತೀನಿ."

ನನ್ನ ಜೀವನದಲ್ಲಿ ಅಷ್ಟು ಕೆಟ್ಟದಾಗಿ ಇನ್ನೆಂದೂ ಓಡಿಲ್ಲ. ಆರು ಕಿಲೋಮೀಟರ್ ಏರು. ನನ್ನ ಬಡರಕ್ತಕ್ಕೆ ಆ ಗಾಳಿ ಸಾಲದು. ನೂರು ಹೆಜ್ಜೆ ಓಡುವುದು, ಮೊಣಕಾಲಿಗೆ ಕೈಯೂರಿ ಇಪ್ಪತ್ತು ಹೆಜ್ಜೆ ನಡೆಯುವುದು, ಮತ್ತೆ ಓಡುವುದು. ಬಾಯಲ್ಲಿ ತುಕ್ಕಿನ ರುಚಿ. ಎರಡು ಸಲ ವಾಂತಿಯಾಯಿತು. ಯಾವ ಸ್ಪರ್ಧೆಯಲ್ಲೂ ಬಾರದ ಹರಕೆಗಳೆಲ್ಲ ಬಾಯಿಗೆ ಬಂದವು. ಕೊನೆಯ ತಿರುವಿನಲ್ಲಿ ಅವಳು ಕಂಡಳು. ಗುಂಪು ಮುಂದೆ ಹೋಗಿತ್ತು. ನಿಧಾನಕ್ಕೆ ಬರುತ್ತೇನೆಂದು ಹೇಳಿ ಹಿಂದುಳಿದಿದ್ದಳಂತೆ. ಒಂದು ಬಂಡೆಗೆ ಒರಗಿ ಕೂತಿದ್ದಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಎದೆಯೊಳಗೆ ಗೊರಗೊರ ಸದ್ದು.

"ಎಂತದೂ ಆಯಿಲ್ಲ ಮಾರಾಯ್ತಿ," ಎಂದಳು ನನ್ನನ್ನು ನೋಡಿ. "ಸ್ವಲ್ಪ ಕೂಕಂತೆ, ಅಷ್ಟೇ." ಏನೂ ಆಗಿಲ್ಲ, ಸ್ವಲ್ಪ ಕೂತುಕೊಳ್ಳುತ್ತೇನೆ ಎಂಬುದಕ್ಕೆ ಅವರ ಕಡೆಯ ಮಾತು.

ಸೀಸೆಯ ಕೊಳವೆಯನ್ನು ಮೂಗಿಗೆ ಹಚ್ಚಿದೆ. ಹೆಗಲ ಮೇಲೆ ಅವಳ ತೋಳು ಹಾಕಿಕೊಂಡು ಇಳಿಯತೊಡಗಿದೆ. ದಾರಿಯಲ್ಲಿ ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಕೇಳಿಸಿತೋ ಇಲ್ಲವೋ, ಅವಳು ಕಾಲೆಳೆಯುತ್ತ ಇಳಿದಳು. ಎರಡು ಕಿಲೋಮೀಟರ್ ಇಳಿಯುವಷ್ಟರಲ್ಲಿ ಮಾಸ್ತರು ಇಬ್ಬರು ಆಳುಗಳೊಡನೆ ಡೋಲಿ ಹೊತ್ತು ಎದುರಾದರು. ಅಲ್ಲಿಂದ ಶಾಲೆಗೆ, ಶಾಲೆಯಿಂದ ಗಾಡಿಯಲ್ಲಿ ಬೆಟ್ಟ ಕೊರೆದ ಸುರಂಗ ದಾಟಿ ತಗ್ಗಿನ ಆಸ್ಪತ್ರೆಗೆ.

ಆ ಆಸ್ಪತ್ರೆಯ ಪಡಸಾಲೆಯಲ್ಲಿ ಸಂಜೆಯವರೆಗೆ ಕೂತಿದ್ದೆ. ಐದರ ಸುಮಾರಿಗೆ ವೈದ್ಯೆ ಹೊರಗೆ ಬಂದು, ತಗ್ಗಿಗೆ ಇಳಿಸಿದ್ದೇ ಅರ್ಧ ಮದ್ದಾಯಿತು, ಉಸಿರು ತೊಂಬತ್ತು ದಾಟಿದೆ, ಹುಡುಗಿ ಹಸಿವೆ ಎನ್ನುತ್ತಿದ್ದಾಳೆ ಎಂದರು. ಬೆಟ್ಟಕ್ಕೆ ಒಗ್ಗಿದವರು ಕೆಳಗೆ ಹೋಗಿ ಕೆಲವು ದಿನ ಇದ್ದು ಒಮ್ಮೆಲೇ ಮೇಲೇರಿದರೆ ಹೀಗಾಗುವುದುಂಟಂತೆ. ಎದ್ದು ನಿಂತು ಹಸಿವೆ ಎಂಬ ಆ ಮಾತನ್ನು ಇನ್ನೊಮ್ಮೆ ಹೇಳಿಸಿ ಕೇಳಿದೆ. ಗೋಡೆ ಹಿಡಿದು ಕೆಳಗೆ ಕೂತು ಅತ್ತೆ. ಅಷ್ಟು ಹಗುರವಾಗಿ ಮತ್ತೆಂದೂ ಅತ್ತಿಲ್ಲ.

ಮೂರನೆಯ ದಿನ ಮಾಸ್ತರು ಕರೆಸಿದರು. ಒಂದು ವರ್ಷ ನಾನು ಯಾವ ಸ್ಪರ್ಧೆಯಲ್ಲೂ ಓಡುವಂತಿಲ್ಲ ಎಂದು ತೀರ್ಮಾನವಾಗಿತ್ತು. ತಲೆ ತಗ್ಗಿಸಿ ಒಪ್ಪಿಕೊಂಡೆ. ಆಮೇಲೆ ಅವರು ನನ್ನ ನಲವತ್ತು ದಿನದ ಲೆಕ್ಕ ತೆರೆದು ತೋರಿಸಿದರು.

"ಇದನ್ನ ನೋಡಿ ನೀ ನಾಚಿಕಿ ಪಟ್ಟಿ ಅನಸ್ತೈತಿ. ಬರೋವರ ಪೈಕಿ ಯಾವಾಗೂ ಒಂದಿಷ್ಟು ಮಂದೀದು ಏರೂದ ಇಲ್ಲ. ಮೈ ಕಟ್ಟಿಗಿ ಇದ್ಧಾಂಗ, ಒಂದೊಂದರ ಎಳಿ ಒಂದೊಂದು ದಿಕ್ಕಿಗಿರತೈತಿ. ಬಡಿಗೇರ ಮಗಳಿಗಿ ನಾ ಏನ ಹೇಳ್ಲಿ. ಕಾಳು ಬದಲ ಮಾಡಿದ್ದು ತಪ್ಪು, ರಕ್ತ ಏರದಿದ್ದದ್ದು ತಪ್ಪಲ್ಲ. ಇವೆರಡನ್ನ ಕಲಸಬ್ಯಾಡ."

ಶಿಕ್ಷೆ ಹೊತ್ತು ಹೊರಗೆ ಬಂದವಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿತ್ತು. ಇನ್ನು ಆ ಅಂಕಿಯನ್ನು ಬೆಳಗಾದರೆ ನೋಡಬೇಕಾಗಿಲ್ಲ. ಮನೆಗೆ ಸುಳ್ಳು ಹೇಳಬೇಕಾಗಿಲ್ಲ. ಊರಿಗೆ ಬಂದು ಅಪ್ಪನ ಮುಂದೆ ಎಲ್ಲ ಹೇಳಿದೆ. ಅಪ್ಪ ಕೆತ್ತುತ್ತಿದ್ದ ಮರವನ್ನು ಬದಿಗಿಟ್ಟ. ಆಮೇಲೆ, ಆ ಹುಡುಗಿ ಆರಾಮಿದ್ದಾಳಲ್ಲ ಎಂದು ಕೇಳಿ, ಉಣ್ಣಲು ಎದ್ದ.

ಆ ವರ್ಷವಿಡೀ ಸೂರ್ಯ ಹುಟ್ಟುವ ಹೊತ್ತಿಗೆ ನಮ್ಮ ಕಾಲುವೆಯ ಏರಿಯ ಮೇಲೆ ಒಬ್ಬಳೇ ಓಡಿದೆ. ಬೇರೆಯವರು ಬಿಸಿಗೆ ಬಾಡುವಲ್ಲಿ ನನ್ನ ಮೈ ಬಾಡುತ್ತಿರಲಿಲ್ಲ. ಅದು ನನಗೆ ಮೊದಲಿನಿಂದ ಇದ್ದ ಗುಣ, ಲೆಕ್ಕ ಹಾಕಿದವರಿರಲಿಲ್ಲ ಅಷ್ಟೇ. ಬಯಲುಸೀಮೆಯಲ್ಲಿ ಉಳಿದಿದ್ದ ಕೆಲವೇ ಓಟಗಳಲ್ಲಿ ಹದಿನೆಂಟು ವರ್ಷ ಓಡಿದೆ. ಎರಡು ಸಲ ಗೆದ್ದೆ, ಬಹಳ ಸಲ ಮೂರನೆಯವಳೋ ನಾಲ್ಕನೆಯವಳೋ ಆದೆ. ಸುಗಂಧಿ ಐದು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದಳು, ಅದು ನ್ಯಾಯವೇ. ಆಮೇಲೆ ಒಂದು ದಿನ ಅವಳ ಕರೆ ಬಂತು: "ಸಿಟ್ಟಿತ್ತ್, ಈಗ ಇಲ್ಲೆ. ಊರಿಗ್ ಬಾ, ಮೀನ್ ಸಾರ್ ಮಾಡ್ತೆ." ನಾನು ಮೀನು ತಿನ್ನುವವಳಲ್ಲ. ಹೋಗಿ ತಿಂದು ಬಂದೆ. ಅವಳು ಮುಂದೆ ಬೆಟ್ಟದ ಓಟಗಳಲ್ಲಿ ದೊಡ್ಡ ಹೆಸರಾದಳು. ಈಗ ಅವಳಿಗೆ ಮೂವರು ಮೊಮ್ಮಕ್ಕಳು.

ಹಂಪವ್ವನವರೇ, ನಿಮ್ಮ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿರುವುದು ಒಂದೇ ಮಾತು. ನೀವು ಇಪ್ಪತ್ತರ ವಯಸ್ಸಿನಲ್ಲಿ ಓಟದ ತರಬೇತಿಗೆಂದು ಬೆಟ್ಟಕ್ಕೆ ಹೋಗಿ, ಇಪ್ಪತ್ತು ದಿನಕ್ಕೇ ಹಿಂತಿರುಗಿ, ಆಮೇಲೆ ಬೂಟು ಮುಟ್ಟಲಿಲ್ಲವಂತೆ. ಯಾಕೆಂದು ಯಾರಿಗೂ ಹೇಳಲಿಲ್ಲವಂತೆ. ಏನಾಯಿತೋ ನನಗೆ ಗೊತ್ತಿಲ್ಲ, ಊಹಿಸಿ ಹೇಳುವ ಹಕ್ಕೂ ಇಲ್ಲ. ನೀವಿನ್ನೂ ಹೊರಟಿಲ್ಲ ಎಂದುಕೊಂಡು ಎರಡು ಮಾತು ಕೇಳಿಕೊಳ್ಳುತ್ತೇನೆ. ಅಲ್ಲಿ ಕೆಮ್ಮು ಬಂದರೆ, ಉಸಿರು ಕಟ್ಟಿದರೆ, ಪಕ್ಕದವರಿಗೆ ಕೂಡಲೇ ಹೇಳಿ, ಕೆಳಗಿಳಿಯಿರಿ. ಇನ್ನು ನಿಮ್ಮ ರಕ್ತ ಏರಲಿಲ್ಲವೆಂದು ಯಾರಾದರೂ ಹೇಳಿದರೆ, ಅದನ್ನು ನಿಮ್ಮ ತಪ್ಪೆಂದು ತಿಳಿದು ಮೂಲೆ ಸೇರಬೇಡಿ. ಊರಿಗೆ ಬನ್ನಿ, ಒಂದು ವಾರ ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಿ. ಎಂಟನೆಯ ಬೆಳಗ್ಗೆ ಎದ್ದು ನಮ್ಮ ಊರ ರಸ್ತೆಯಲ್ಲೇ ಓಡಿ, ಬಿಸಿಲೇರುವುದಕ್ಕೆ ಮೊದಲು.

ನಿಮ್ಮ ಮನೆಯ ಕೂಸು,
ಸೋಮವ್ವ